ಸಮುದ್ರದೊಳಗಿನ ಕ್ಷಾಮ

ಧಾತು, ಈಶ್ವರ ಸಂವತ್ಸರಗಳಲ್ಲಿ, ಎಂದರೆ ೧೮೭೬ರಿಂದ ೧೮೭೮ರವರೆಗೆ, ಮೈಸೂರು ಸೀಮೆಯನ್ನೂ ಬಳ್ಳಾರಿ, ಧಾರವಾಡ, ಕಲಾದಗಿ ಜಿಲ್ಲೆಗಳನ್ನೂ ಹಾಳುಗೆಡವಿದ ಕ್ಷಾಮದ ಸಂಗತಿಯನ್ನು ನಮ್ಮ ವಾಚಕರು ಬಲ್ಲರು. ಆ ದಿನಗಳ ಮರಣದ ದಫ್ತರಗಳಲ್ಲಿ ಜ್ವರ, ವಾಂತಿಭೇದಿ, ಆಮಶಂಕೆ ಎಂಬ ಕಾರಣಗಳೇ ಹೆಚ್ಚಾಗಿ ನಮೂದಾಗಿದ್ದವು. ಹಸಿವೆಂಬ ಕಾರಣಕ್ಕೆ ಅಲ್ಲಿ ದೊರೆತ ಸ್ಥಳವು ಸ್ವಲ್ಪ. ನಷ್ಟದ ನಿಜವಾದ ಪ್ರಮಾಣವು ಗೊತ್ತಾದುದು ೧೮೮೧ರ ಖಾನೇಷುಮಾರಿ ನಡೆದಾಗ. ೧೮೭೧ರಲ್ಲಿ ಐವತ್ತು ಲಕ್ಷವನ್ನು ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆಯು ಆಗ ನಲವತ್ತೆರಡು ಲಕ್ಷದೊಳಗೆ ಇಳಿದಿತ್ತು. ಸತ್ತವರನ್ನು ಎಣಿಸಿ ತಿಳಿಯಲಾಗದುದನ್ನು ಉಳಿದವರನ್ನು ಎಣಿಸಿ ತಿಳಿಯಬೇಕಾಯಿತು.

ಇಂತಹುದೇ ಕ್ಷಾಮವು ಈಗ ಕೆಲವು ವರ್ಷಗಳಿಂದ ಸಮುದ್ರದೊಳಗೆ ನಡೆಯುತ್ತಿದೆ. ಇದರ ಲೆಕ್ಕವೂ ಅದೇ ರೀತಿಯಲ್ಲಿ ತಡವಾಗಿ, ಅಡ್ಡದಾರಿಯಿಂದ ನಮಗೆ ತಲಪುತ್ತಿದೆ. ವರ್ತಮಾನಪತ್ರಗಳು ಇದನ್ನು ಸಮುದ್ರದ ಶಾಖದ ಅಲೆ ಎಂದು ಕರೆಯುತ್ತಿವೆ. ಅಲೆಯೆಂದೊಡನೆ ದಡಕ್ಕೆ ಬಂದು ಬಡಿಯುವ ತೆರೆಯೆಂದು ತಿಳಿಯುವ ಸಂಭವವಿರುವುದರಿಂದ ನಾವು ಈ ಲೇಖನದಲ್ಲಿ ಕಡಲ ಬೇಗೆಯೆಂಬ ಮಾತನ್ನು ಬಳಸುವೆವು. ಸಮುದ್ರದ ಯಾವುದೇ ಒಂದು ಭಾಗದಲ್ಲಿ, ವರ್ಷದ ಯಾವುದೇ ಒಂದು ಕಾಲದಲ್ಲಿ, ಮೂವತ್ತು ವರ್ಷಗಳ ದಾಖಲೆಯ ಪ್ರಕಾರ ನೂರರಲ್ಲಿ ತೊಂಬತ್ತು ಸಲ ಕಂಡುಬಂದ ಉಷ್ಣತೆಯ ಮಿತಿಯನ್ನು ನೀರು ದಾಟಿ, ಐದು ದಿನಗಳಿಗೆ ಕಡಿಮೆಯಿಲ್ಲದೆ ಹಾಗೆಯೇ ನಿಂತರೆ ಅದು ಕಡಲ ಬೇಗೆಯೆಂದು ೨೦೧೬ರಲ್ಲಿ ಶಾಸ್ತ್ರಜ್ಞರು ಲಕ್ಷಣವನ್ನು ನಿರ್ಣಯಿಸಿದರು. ಐದು ದಿನಗಳೆಂಬುದು ಕನಿಷ್ಠದ ಮಾತು. ತಿಂಗಳುಗಟ್ಟಲೆ, ವರ್ಷಗಟ್ಟಲೆ ನಿಂತ ಬೇಗೆಗಳೂ ಉಂಟು. ಅವುಗಳಲ್ಲಿ ಒಂದರ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಅವಶ್ಯ.

೨೦೧೩ನೆಯ ಇಸವಿಯ ಕೊನೆಯಲ್ಲಿ ಉತ್ತರ ಪೆಸಿಫಿಕ್ ಸಾಗರದ ಮೇಲೆ, ಅಲಾಸ್ಕದ ದಕ್ಷಿಣಕ್ಕೆ, ಅಧಿಕ ಒತ್ತಡದ ವಾಯುರಾಶಿಯೊಂದು ಬಂದು ತಳವೂರಿತು. ಚಳಿಗಾಲದಲ್ಲಿ ಅಲ್ಲಿ ಬಿರುಗಾಳಿಗಳು ಒಂದರ ಹಿಂದೊಂದು ಬೀಸುವುದು ವಾಡಿಕೆ. ಆ ಗಾಳಿಯಿಂದ ಎರಡು ಉಪಕಾರಗಳಾಗುತ್ತವೆ. ಅದು ನೀರಿನ ಮೇಲ್ಭಾಗದ ಶಾಖವನ್ನು ಕಸಿದು ಒಯ್ಯುತ್ತದೆ. ಅಲ್ಲದೆ ಕಡಗೋಲಿನಂತೆ ಸಮುದ್ರವನ್ನು ಕಡೆದು, ಆಳದ ತಣ್ಣೀರನ್ನೂ ಅದರಲ್ಲಿ ಕರಗಿರುವ ಪೋಷಕ ದ್ರವ್ಯಗಳನ್ನೂ ಮೇಲಕ್ಕೆ ತರುತ್ತದೆ. ಆ ವರ್ಷ ಕಡಗೋಲು ಆಡಲಿಲ್ಲ. ಬೇಸಗೆಯಲ್ಲಿ ಸೇರಿದ ಶಾಖವು ಚಳಿಗಾಲದಲ್ಲಿ ಬಿಟ್ಟುಹೋಗದೆ ಅಲ್ಲಿಯೇ ಉಳಿಯಿತು. ೨೦೧೪ರ ಫೆಬ್ರವರಿಯ ಹೊತ್ತಿಗೆ ಮೇಲ್ನೀರಿನ ಉಷ್ಣತೆಯು ವಾಡಿಕೆಗಿಂತ ಎರಡೂವರೆ ಸೆಂಟಿಗ್ರೇಡ್ ಡಿಗ್ರಿಗಳಷ್ಟು ಏರಿತ್ತು. ಆ ವರ್ಷದ ಜೂನ್ ತಿಂಗಳಲ್ಲಿ ಈ ಬಿಸಿನೀರಿನ ರಾಶಿಯು ಉದ್ದಕ್ಕೂ ಅಗಲಕ್ಕೂ ಸಾವಿರ ಮೈಲಿಗಳಷ್ಟು ಹರಡಿ, ಮುನ್ನೂರು ಅಡಿಗಳಷ್ಟು ಆಳಕ್ಕೆ ಇಳಿದಿತ್ತು. ವಾಷಿಂಗ್ಟನ್ ಪ್ರಾಂತದ ಹವಾಶಾಸ್ತ್ರಜ್ಞ ನಿಕ್ ಬಾಂಡ್ ಎಂಬವರು ಅದಕ್ಕೆ ‘ಬ್ಲಾಬ್’ ಎಂದು ಹೆಸರಿಟ್ಟರು. ಆಕಾರವಿಲ್ಲದ ಮುದ್ದೆ ಎಂದು ಆ ಶಬ್ದದ ಅರ್ಥ. ಶಾಸ್ತ್ರಜ್ಞರೂ ಒಮ್ಮೊಮ್ಮೆ ಜನರ ಬಾಯಿಗೆ ಹತ್ತುವ ಹೆಸರನ್ನು ಇಡಬಲ್ಲರೆಂಬುದು ಸಂತೋಷದ ಸಂಗತಿ. ೨೦೧೬ರವರೆಗೂ ಆ ಮುದ್ದೆಯು ಏರುತ್ತ ಇಳಿಯುತ್ತ ಅಲ್ಲಿಯೇ ಇತ್ತು.

ಎರಡೂವರೆ ಡಿಗ್ರಿ ಎಂಬುದನ್ನು ಕೇಳಿ ನಗುವವರು ಇರಬಹುದು. ನಮ್ಮ ಊರುಗಳಲ್ಲಿ ಬೆಳಗಿಗೂ ಮಧ್ಯಾಹ್ನಕ್ಕೂ ಇದರ ಮೂರು ನಾಲ್ಕು ಪಾಲು ವ್ಯತ್ಯಾಸವುಂಟು. ಆದರೆ ಗಾಳಿಯ ಲೆಕ್ಕವೇ ಬೇರೆ, ನೀರಿನ ಲೆಕ್ಕವೇ ಬೇರೆ. ನೀರು ಬಿಸಿಯಾಗುವುದೂ ನಿಧಾನ, ಆರುವುದೂ ನಿಧಾನ. ಅಂತಹ ನೀರಿನಲ್ಲಿ ಹುಟ್ಟಿ ಬೆಳೆದ ಜೀವಿಗೆ ಏರಿಳಿತದ ಅಭ್ಯಾಸವಿರುವುದಿಲ್ಲ. ಮೇಲಾಗಿ ಬಹುಮಟ್ಟಿಗೆ ಎಲ್ಲ ಮೀನುಗಳ ಮೈಬಿಸಿಯೂ ಸುತ್ತಲಿನ ನೀರಿನ ಬಿಸಿಯೇ ಆಗಿರುತ್ತದೆ. ಮನುಷ್ಯನ ಮೈಬಿಸಿಯು ಎರಡೂವರೆ ಡಿಗ್ರಿ ಏರಿದರೆ ಅದು ೧೦೩ ಡಿಗ್ರಿ ಫ್ಯಾರನ್‌ಹೀಟಿನ ಜ್ವರ. ಅಂತಹ ಜ್ವರವು ಎರಡು ವರ್ಷ ಬಿಡದೆ ನಿಂತರೆ ಏನಾಗುವುದೆಂದು ಯೋಚಿಸಬೇಕು.

ಆದರೂ ಆ ಜ್ವರದಿಂದಲೇ ನೇರವಾಗಿ ಸತ್ತ ಜೀವಿಗಳು ಅಲ್ಲಿ ಹೆಚ್ಚಲ್ಲ. ನಾವು ವಾಚಕರ ಗಮನಕ್ಕೆ ತರಬೇಕೆಂದಿರುವ ಮುಖ್ಯ ವಿಷಯವು ಇದೇ. ಬೆಂಕಿಯಂತೆ ಸುಡುವುದು ಕಡಲ ಬೇಗೆಯ ಸಾಮಾನ್ಯ ರೀತಿಯಲ್ಲ; ಹಸಿವಿನಿಂದ ಕೊಲ್ಲುವುದು ಅದರ ರೀತಿ. ನೀರು ಬಿಸಿಯಾದಂತೆ ಮೀನಿನ ದೇಹದ ವ್ಯಾಪಾರವು ಚುರುಕಾಗಿ ಅದಕ್ಕೆ ಬೇಕಾಗುವ ಆಹಾರವು ಹೆಚ್ಚುತ್ತದೆ. ಅದೇ ಕಾಲಕ್ಕೆ ನೀರಿನಲ್ಲಿ ದೊರೆಯುವ ಆಹಾರವು ಕಡಿಮೆಯಾಗುತ್ತದೆ. ತಣ್ಣೀರಿನ ಸಮುದ್ರದಲ್ಲಿ ಕೋಪಿಪಾಡ್ ಎಂಬ ಸೂಕ್ಷ್ಮ ಜಂತುಗಳು ಚಳಿಗಾಲಕ್ಕಾಗಿ ಮೈಯಲ್ಲಿ ಕೊಬ್ಬನ್ನು ಕೂಡಿಟ್ಟುಕೊಂಡಿರುತ್ತವೆ. ಅವೇ ಸಣ್ಣ ಮೀನುಗಳ ತುಪ್ಪದನ್ನ. ನೀರು ಬಿಸಿಯಾದಾಗ ಅವು ಹಿಂಜರಿದು, ದಕ್ಷಿಣದಿಂದ ಬಂದ ಬೇರೆ ಜಾತಿಯ, ಮೈಯಲ್ಲಿ ಕೊಬ್ಬಿಲ್ಲದ ಸಣಕಲು ಜಂತುಗಳು ಅವುಗಳ ಸ್ಥಳವನ್ನು ಆಕ್ರಮಿಸಿದವು. ಸಣ್ಣ ಮೀನಿನ ಹೊಟ್ಟೆ ತುಂಬಿತ್ತು, ಮೈ ತುಂಬಲಿಲ್ಲ. ಆ ಸಣ್ಣ ಮೀನನ್ನು ನಂಬಿದ್ದ ದೊಡ್ಡ ಮೀನಿಗೂ ಹಕ್ಕಿಗೂ ಎಷ್ಟು ತಿಂದರೂ ಸಾಲದಾಯಿತು. ಕೊಬ್ಬಿದ ದನಕ್ಕೂ ಬರಗಾಲದ ದನಕ್ಕೂ ಸಂತೆಯಲ್ಲಿ ತಲೆ ಒಂದೇ ಎಂದು ಲೆಕ್ಕ ಹಾಕುವವನಿಗೆ ಈ ವ್ಯತ್ಯಾಸವು ಕಾಣಿಸದು.

ಆ ಕರಾವಳಿಯಲ್ಲಿ ಮರ್ ಎಂಬ ಕಡಲ ಹಕ್ಕಿಯೊಂದುಂಟು. ಬೆನ್ನು ಕಪ್ಪು, ಹೊಟ್ಟೆ ಬಿಳುಪು, ತೂಕವು ಒಂದು ಕಿಲೋಗ್ರಾಮಿನ ಸುಮಾರು. ಬಂಡೆಗಳ ಮೇಲೆ ಸಾವಿರಗಟ್ಟಲೆ ಒತ್ತಾಗಿ ನಿಂತು ಮೊಟ್ಟೆಯಿಡುವುದು. ನೀರಿನಲ್ಲಿ ನೂರಾರು ಅಡಿ ಆಳಕ್ಕೆ ಮುಳುಗಿ ಮೀನು ಹಿಡಿಯುವುದು. ಈ ಹಕ್ಕಿಯು ದಿನವೊಂದಕ್ಕೆ ತನ್ನ ತೂಕದ ಅರ್ಧಕ್ಕಿಂತ ಹೆಚ್ಚು ಮೀನನ್ನು ತಿನ್ನಬೇಕು. ಮೂರರಿಂದ ಐದು ದಿನ ಆಹಾರ ಸಿಕ್ಕದಿದ್ದರೆ ಸಾಯುವುದು. ೨೦೧೫ರ ಬೇಸಗೆಯಿಂದ ೨೦೧೬ರ ವಸಂತದವರೆಗೆ ಕ್ಯಾಲಿಫೋರ್ನಿಯದಿಂದ ಅಲಾಸ್ಕದವರೆಗಿನ ದಡಗಳಿಗೆ ಇವುಗಳ ಹೆಣಗಳು ತೇಲಿ ಬಂದವು. ಕೈಗೆ ಸಿಕ್ಕಿ ಎಣಿಕೆಯಾದವು ಸುಮಾರು ೬೨,೦೦೦. ಸೀಳಿ ನೋಡಿದವರಿಗೆ ಅವುಗಳ ಹೊಟ್ಟೆಯು ಬರಿದಾಗಿಯೂ ಎದೆಯ ಮಾಂಸವು ಕರಗಿಹೋಗಿಯೂ ಕಂಡಿತು. ಸಮುದ್ರದಲ್ಲಿ ಸತ್ತ ಹಕ್ಕಿಗಳಲ್ಲಿ ದಡ ಸೇರುವುದು ಅಲ್ಪಾಂಶವೆಂಬುದನ್ನು ಲೆಕ್ಕ ಹಿಡಿದು, ಸತ್ತವು ಐದು ಲಕ್ಷದಿಂದ ಹನ್ನೆರಡು ಲಕ್ಷದವರೆಗೆ ಇರಬಹುದೆಂದು ೨೦೨೦ರಲ್ಲಿ ಅಂದಾಜು ಮಾಡಿದರು. ಅಷ್ಟಕ್ಕೇ ಲೋಕವು ಬೆರಗಾಗಿತ್ತು.

ಆದರೆ ಖಾನೇಷುಮಾರಿಯು ಇನ್ನೂ ಮುಗಿದಿರಲಿಲ್ಲ. ಅಲಾಸ್ಕದ ಹದಿಮೂರು ಹಕ್ಕಿಬಂಡೆಗಳಲ್ಲಿ ಬೇಗೆಗೆ ಮುಂಚಿನ ಏಳು ವರ್ಷಗಳ ಎಣಿಕೆಯನ್ನೂ ಬೇಗೆಯ ಅನಂತರದ ಏಳು ವರ್ಷಗಳ ಎಣಿಕೆಯನ್ನೂ ಹೋಲಿಸಿ ನೋಡಿದ ವರದಿಯು ೨೦೨೪ರ ಡಿಸೆಂಬರಿನಲ್ಲಿ ಪ್ರಕಟವಾಯಿತು. ಪ್ರತಿಯೊಂದು ಬಂಡೆಯಲ್ಲಿಯೂ ಅರ್ಧಕ್ಕಿಂತ ಹೆಚ್ಚು ಹಕ್ಕಿಗಳು ಇಲ್ಲವಾಗಿದ್ದವು. ಒಟ್ಟು ಸತ್ತವು ಸುಮಾರು ನಲವತ್ತು ಲಕ್ಷ. ಎಂದರೆ ಅಲಾಸ್ಕದ ಮರ್ ಹಕ್ಕಿಗಳಲ್ಲಿ ಹೆಚ್ಚುಕಡಿಮೆ ಅರ್ಧ. ೬೨,೦೦೦ ಎಲ್ಲಿ, ನಲವತ್ತು ಲಕ್ಷವೆಲ್ಲಿ! ಸತ್ಯಕ್ಕೆ ಎಂಟು ವರ್ಷ ಬೇಕಾಯಿತು. ಅಷ್ಟು ವರ್ಷಗಳಲ್ಲಿ ಹಕ್ಕಿಗಳ ಸಂಖ್ಯೆಯು ಪೂರ್ವಸ್ಥಿತಿಯ ಕಡೆಗೆ ತಿರುಗಿದ ಚಿಹ್ನೆಯು ಕಾಣಲಿಲ್ಲವೆಂಬುದನ್ನೂ ಆ ವರದಿಯು ತಿಳಿಸಿತು. ಈ ಹಕ್ಕಿಯು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ.

ಹಕ್ಕಿಗಳ ಪಾಲಿಗೆ ಇನ್ನೊಂದು ಸಂಕಟವೂ ಇತ್ತು. ಅವು ಹುಡುಕುತ್ತಿದ್ದ ಸಣ್ಣ ಮೀನನ್ನೇ ಕಾಡ್ ಮೊದಲಾದ ದೊಡ್ಡ ಮೀನುಗಳೂ ಹುಡುಕುತ್ತಿದ್ದವು; ಬಿಸಿನೀರಿನಲ್ಲಿ ಅವುಗಳ ಹಸಿವೂ ಹೆಚ್ಚಿತ್ತು. ಕಾಡ್ ಎಂಬ ಹೆಸರು ನಮ್ಮವರಿಗೆ ಹೊಸದಲ್ಲ. ಬಡಕಲು ಮಕ್ಕಳಿಗೆ ಮೂಗು ಹಿಡಿದು ಕುಡಿಸುತ್ತಿದ್ದ ಮೀನೆಣ್ಣೆಯು ಅಟ್ಲಾಂಟಿಕ್ ಸಾಗರದ ಕಾಡ್ ಮೀನಿನ ಪಿತ್ತಕೋಶದ್ದಲ್ಲ, ಅದರ ಯಕೃತ್ತಿನದು. ಪೆಸಿಫಿಕ್ ಸಾಗರದ ಕಾಡ್ ಅದರ ದಾಯಾದಿ. ಇದರ ಮೊಟ್ಟೆಗಳು ಚೆನ್ನಾಗಿ ಒಡೆಯಬೇಕಾದರೆ ನೀರಿನ ಉಷ್ಣತೆಯು ಮೂರರಿಂದ ಆರು ಡಿಗ್ರಿಗಳೊಳಗೆ ಇರಬೇಕು. ಹೀಗೆ ಮರಿಗಳಿಗೆ ಜನ್ಮವೇ ಕಷ್ಟವಾಗಿ, ಬೆಳೆದವಕ್ಕೆ ಹೊಟ್ಟೆಗಿಲ್ಲದೆ, ೨೦೧೭ರ ಸಮೀಕ್ಷೆಯಲ್ಲಿ ಅಲಾಸ್ಕದ ಕೊಲ್ಲಿಯ ಕಾಡ್ ಎರಡೇ ವರ್ಷಗಳಲ್ಲಿ ನೂರಕ್ಕೆ ಎಪ್ಪತ್ತರಷ್ಟು ಕುಗ್ಗಿತ್ತು. ಮರುವರ್ಷ ಹಿಡಿಯುವ ಮಿತಿಯನ್ನು ಬಹುವಾಗಿ ತಗ್ಗಿಸಿದರು. ೨೦೨೦ರಲ್ಲಿ ಅಲ್ಲಿಯ ಸಂಯುಕ್ತ ಸರ್ಕಾರದ ನೀರಿನಲ್ಲಿ ಆ ಮೀನುಗಾರಿಕೆಯನ್ನೇ ನಿಲ್ಲಿಸಿದರು. ತಿಮಿಂಗಿಲಗಳ ಪಾಡು ಬೇರೊಂದು ಬಗೆಯದು. ಹೊರಸಮುದ್ರದಲ್ಲಿ ಆಹಾರವಿಲ್ಲದೆ ಅವು ಮೀನನ್ನರಸಿ ಕ್ಯಾಲಿಫೋರ್ನಿಯದ ದಡದ ಸಮೀಪಕ್ಕೆ ಬಂದವು. ಬಿಸಿನೀರಿನಲ್ಲಿ ಬೆಳೆದ ವಿಷಪಾಚಿಯ ದೆಸೆಯಿಂದ ಅಲ್ಲಿಯ ಏಡಿ ಹಿಡಿಯುವ ಕಾಲವನ್ನು ವಸಂತದವರೆಗೆ ಮುಂದೂಡಿದ್ದರು. ಆದುದರಿಂದ ತಿಮಿಂಗಿಲಗಳು ಬಂದ ಹೊತ್ತಿಗೇ ಏಡಿಬೋನುಗಳ ಹಗ್ಗಗಳೂ ನೀರಿಗಿಳಿದವು. ವರ್ಷಕ್ಕೆ ಹತ್ತರಷ್ಟು ತಿಮಿಂಗಿಲಗಳು ಹಗ್ಗಕ್ಕೆ ಸಿಕ್ಕಿಬೀಳುತ್ತಿದ್ದುದು ೨೦೧೫, ೨೦೧೬ನೆಯ ವರ್ಷಗಳಲ್ಲಿ ಐವತ್ತನ್ನು ಮೀರಿತು. ಇವುಗಳ ಮರಣವನ್ನು ಶಾಖದ ಖಾತೆಗೆ ಬರೆಯಬೇಕೋ ಹಗ್ಗದ ಖಾತೆಗೋ?

ಅಲ್ಲಿಂದ ಉತ್ತರಕ್ಕೆ ಬೇರಿಂಗ್ ಸಮುದ್ರ. ಅಲ್ಲಿ ನಡೆದುದು ಇದಕ್ಕೂ ವಿಚಿತ್ರವಾದುದು. ಆ ಸಮುದ್ರದಲ್ಲಿ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನೀರ್ಗಲ್ಲಿನ ಕೆಳಗೆ, ಎರಡು ಡಿಗ್ರಿಗೂ ಕಡಿಮೆ ಉಷ್ಣತೆಯ ತಣ್ಣೀರಿನ ಮಡುವೊಂದು ತಳದಲ್ಲಿ ಏರ್ಪಟ್ಟು ಬೇಸಗೆಯಲ್ಲಿಯೂ ಉಳಿಯುವುದು. ಹಿಮದ ಏಡಿಯೆಂದು ಹೆಸರಾದ ಜಾತಿಯ ಮರಿಗಳಿಗೆ ಅದೇ ತೊಟ್ಟಿಲು. ದೊಡ್ಡ ಮೀನುಗಳು ಆ ಚಳಿಗೆ ಹೆದರಿ ಒಳಗೆ ಬರುವುದಿಲ್ಲ. ೨೦೧೮ರಲ್ಲಿಯೂ ೨೦೧೯ರಲ್ಲಿಯೂ ನೀರ್ಗಲ್ಲು ಹಿಂದೆಂದೂ ಇಲ್ಲದಷ್ಟು ಕಡಿಮೆಯಾಗಿ ಆ ಮಡುವು ಬಹುಮಟ್ಟಿಗೆ ಇಲ್ಲವಾಯಿತು. ವಿನೋದವೆಂದರೆ ೨೦೧೮ರ ಸಮೀಕ್ಷೆಯಲ್ಲಿ ಏಡಿಮರಿಗಳು ಹಿಂದೆಂದೂ ಕಾಣದಷ್ಟು ಸಂಖ್ಯೆಯಲ್ಲಿ ಕಂಡಿದ್ದವು. ಮುಂದಿನ ವರ್ಷಗಳು ಸುಭಿಕ್ಷವಾಗುವುವೆಂದು ಎಲ್ಲರೂ ಎಣಿಸಿದರು. ದೋಣಿಗಳಿಗೆ ಸಾಲ ಮಾಡಿದವರೂ ಇದ್ದಿರಬೇಕು. ೨೦೨೦ರಲ್ಲಿ ಕೋವಿಡ್ ಪಿಡುಗಿನ ನಿಮಿತ್ತ ಸಮೀಕ್ಷೆಯೇ ನಡೆಯಲಿಲ್ಲ. ೨೦೨೧ರಲ್ಲಿ ಬಲೆಯನ್ನು ಎಳೆದು ನೋಡಿದರೆ ಏಡಿಗಳು ಇರಲಿಲ್ಲ. ಸಾವಿರ ಕೋಟಿಗೂ ಹೆಚ್ಚು ಏಡಿಗಳು ಕಾಣೆಯಾಗಿದ್ದವು.

ಅವು ಬೇರೆಡೆಗೆ ವಲಸೆ ಹೋಗಿರಬಹುದೇ? ಹೆಚ್ಚು ಹಿಡಿದುದರಿಂದ ಹೀಗಾಯಿತೇ? ರೋಗವೇ? ಒಂದೊಂದನ್ನಾಗಿ ಪರಿಶೀಲಿಸಿ ೨೦೨೩ರಲ್ಲಿ ಶಾಸ್ತ್ರಜ್ಞರು ಕೊಟ್ಟ ತೀರ್ಪು: ಉಪವಾಸ. ಸೊನ್ನೆ ಡಿಗ್ರಿಯ ನೀರಿನಿಂದ ಮೂರು ಡಿಗ್ರಿಯ ನೀರಿಗೆ ಹೋದ ಏಡಿಗೆ ಬೇಕಾಗುವ ಆಹಾರವು ಇಮ್ಮಡಿಯಾಗುತ್ತದೆಂದು ಪ್ರಯೋಗಶಾಲೆಯಲ್ಲಿ ಮೊದಲೇ ಕಂಡುಕೊಂಡಿದ್ದರು. ಮೂರು ಡಿಗ್ರಿಯ ನೀರಿನಲ್ಲಿ ಆ ಏಡಿಯು ಸಾಯುವುದಿಲ್ಲ. ಸುಖವಾಗಿಯೇ ಇರಬಲ್ಲುದು, ಊಟ ದೊರೆತರೆ. ಇಲ್ಲಿ ಸಂಖ್ಯೆಯು ಹಿಂದೆಂದಿಗಿಂತ ಹೆಚ್ಚು, ಪ್ರತಿಯೊಂದರ ಹಸಿವೂ ಇಮ್ಮಡಿ, ಇರುವ ಸ್ಥಳವು ಕಿರಿದು. ೨೦೧೮ರಲ್ಲಿ ಹಿಡಿದ ಏಡಿಗಳು ಅದೇ ಅಳತೆಯ ಹಿಂದಿನ ಏಡಿಗಳಿಗಿಂತ ಹಗುರವಾಗಿದ್ದವೆಂಬುದು ದಾಖಲೆಯಲ್ಲಿಯೇ ಇತ್ತು. ತಲೆಯೆಣಿಕೆಯು ಸುಭಿಕ್ಷವನ್ನು ಸಾರುತ್ತಿದ್ದಾಗ ತಕ್ಕಡಿಯು ಕ್ಷಾಮವನ್ನು ಹೇಳುತ್ತಿತ್ತು; ತಕ್ಕಡಿಯ ಮಾತನ್ನು ಆಗ ಯಾರೂ ಕೇಳಲಿಲ್ಲ. ೨೦೨೨ರ ಅಕ್ಟೋಬರಿನಲ್ಲಿ ಆ ಏಡಿಯ ಮೀನುಗಾರಿಕೆಯನ್ನು ಮೊತ್ತಮೊದಲ ಸಲ ಮುಚ್ಚಿದರು. ಬೇರಿಂಗ್ ಸಮುದ್ರದ ನಡುವೆ ಸೇಂಟ್ ಪಾಲ್ ಎಂಬ ಪುಟ್ಟ ದ್ವೀಪವುಂಟು. ಉನಂಗನ್ ಎಂಬ ಮೂಲನಿವಾಸಿಗಳು ಅಲ್ಲಿ ವಾಸಿಸುವರು. ಅವರ ಪುರಸಭೆಯ ಆದಾಯವು ಬಹುಪಾಲು ಏಡಿಯ ಮೇಲಿನ ತೆರಿಗೆಯಿಂದಲೇ ಬರುತ್ತಿದ್ದುದರಿಂದ ಊರಿನ ಸಾಮಾನ್ಯ ಖರ್ಚುಗಳಿಗೂ ತೊಡಕಾಯಿತು. ೨೦೨೪ರ ಅಕ್ಟೋಬರಿನಲ್ಲಿ ಅಲ್ಪ ಪ್ರಮಾಣದಲ್ಲಿ ಏಡಿ ಹಿಡಿಯಲು ಮತ್ತೆ ಅಪ್ಪಣೆ ದೊರೆಯಿತು.

ಎಲ್ಲ ಕಡೆಯೂ ಹೀಗೆ ಹಸಿವೇ ಕೊಲ್ಲುವುದೆಂದು ಹೇಳಿದರೆ ಅತಿಶಯೋಕ್ತಿಯಾದೀತು. ೨೦೧೧ರ ಫೆಬ್ರವರಿ, ಮಾರ್ಚಿಗಳಲ್ಲಿ ಪಶ್ಚಿಮ ಆಸ್ಟ್ರೇಲಿಯದ ಕರಾವಳಿಯಲ್ಲಿ ನೀರು ಎರಡರಿಂದ ನಾಲ್ಕು ಡಿಗ್ರಿಗಳಷ್ಟು ಏರಿದಾಗ ಬಂಡೆಗೆ ಅಂಟಿಕೊಂಡಿದ್ದ ಚಿಪ್ಪುಜೀವಿಗಳೂ ಕೆಲ್ಪ್ ಎಂಬ ದೊಡ್ಡ ಕಡಲಪಾಚಿಯ ವನಗಳೂ ಶಾಖದಿಂದಲೇ ಬೆಂದು ಹೋದವು. ಸುಮಾರು ನೂರು ಕಿಲೋಮೀಟರುಗಳ ಉದ್ದಕ್ಕೆ ಆ ವನವು ನಾಶವಾಯಿತು. ಅಲ್ಲಿ ಈಗ ಬೆಳೆದಿರುವುದು ಹುಲ್ಲಿನಂತಹ ಕುಳ್ಳುಪಾಚಿ. ನಡೆದು ಹೋಗಲಾರದ ಜೀವಿಗೆ ಬೇಗೆಯೇ ಯಮನು. ಈಜಬಲ್ಲ ಜೀವಿಗೆ ಹಸಿವು.

ಇಷ್ಟೆಲ್ಲಕ್ಕೂ ಮೂಲವೇನೆಂದು ಕೇಳುವವರಿಗೆ ಉತ್ತರವು ಗುಟ್ಟಿನದಲ್ಲ. ಕಲ್ಲಿದ್ದಲು, ಕಲ್ಲೆಣ್ಣೆಗಳನ್ನು ಉರಿಸಿ ಮಾನವನು ಭೂಮಂಡಲದಲ್ಲಿ ಸೆರೆಹಿಡಿದಿರುವ ಹೆಚ್ಚಿನ ಶಾಖದಲ್ಲಿ ನೂರಕ್ಕೆ ತೊಂಬತ್ತು ಪಾಲನ್ನು ನುಂಗಿರುವುದು ಸಮುದ್ರವೇ. ನಾವು ನೆಲದ ಮೇಲೆ ಅನುಭವಿಸುತ್ತಿರುವುದು ಉಳಿದ ಹತ್ತರಲ್ಲಿ ಒಂದು ಅಂಶ. ಗಾಳಿ ನಿಲ್ಲುವುದು, ಎಲ್ ನೀನೊ ಬರುವುದು, ಇವೆಲ್ಲ ಹಿಂದೆಯೂ ಇದ್ದವು. ಆದರೆ ಹಿಂದೆ ಖಾಲಿ ಹಂಡೆಯ ಕೆಳಗೆ ಉರಿದ ಒಲೆಯು ಈಗ ಕಾದ ಹಂಡೆಯ ಕೆಳಗೆ ಉರಿಯುತ್ತಿದೆ. ೧೯೮೦ರ ದಶಕದಿಂದ ಈಚೆಗೆ ಕಡಲ ಬೇಗೆಗಳ ಸಂಖ್ಯೆಯು ಲೋಕದಲ್ಲಿ ಇಮ್ಮಡಿಯಾಗಿದೆಯೆಂದು ಅಂತರಸರ್ಕಾರೀ ಹವಾಮಂಡಲಿಯು ೨೦೨೧ರ ತನ್ನ ವರದಿಯಲ್ಲಿ ತಿಳಿಸಿತು.

ಇನ್ನು ನಮ್ಮ ಮನೆಯ ಪಡುವಲ ಬಾಗಿಲಿನಲ್ಲಿರುವ ಅರಬ್ಬೀ ಸಮುದ್ರದ ಕಡೆಗೆ ತಿರುಗೋಣ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಅವರೂ ಅವರ ಸಂಗಡಿಗರೂ ೨೦೨೨ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ೧೯೮೨ರಿಂದ ೨೦೧೮ರವರೆಗೆ ಹಿಂದೂ ಮಹಾಸಾಗರದ ಪಶ್ಚಿಮ ಭಾಗದಲ್ಲಿ ೬೬ ಬೇಗೆಗಳೂ ಬಂಗಾಳ ಕೊಲ್ಲಿಯಲ್ಲಿ ೯೪ ಬೇಗೆಗಳೂ ಉಂಟಾದವು. ಪಶ್ಚಿಮದಲ್ಲಿ ಅವು ಹತ್ತು ವರ್ಷಕ್ಕೆ ಒಂದೂವರೆಯಂತೆ ಹೆಚ್ಚುತ್ತ ಬಂದಿವೆ. ಇಂತಹ ಬೇಗೆಗಳಿರುವಾಗ ಮಧ್ಯಭಾರತದಲ್ಲಿ ಮುಂಗಾರು ಕ್ಷೀಣಿಸುವ ಒಲವಿದೆಯೆಂದೂ ಅವರು ತೋರಿಸಿದರು. ಆದಕಾರಣ ಇದು ಬೆಸ್ತರಿಗೆ ಮಾತ್ರ ಸಂಬಂಧಿಸಿದ ವಿಷಯವೆಂದು ನೇಗಿಲು ಹಿಡಿದವನು ಸುಮ್ಮನಿರುವಂತಿಲ್ಲ.

ನಮ್ಮ ಕರಾವಳಿಯ ಬಡವರ ಮೀನು ಬೂತಾಯಿ. ಉತ್ತರ ಕನ್ನಡದವರು ತಾರ್ಲೆಯೆನ್ನುವರು. ಮಳೆಗಾಲದ ಗಾಳಿಯು ದಡದ ನೀರನ್ನು ಹೊರಕ್ಕೆ ದೂಡಿದಾಗ ಆಳದ ತಣ್ಣೀರು ಮೇಲಕ್ಕೆ ಬಂದು ಸಮುದ್ರಕ್ಕೆ ಗೊಬ್ಬರ ಹಾಕುವುದು. ಆ ಗೊಬ್ಬರದಲ್ಲಿ ಬೆಳೆದ ಸೂಕ್ಷ್ಮ ಸಸ್ಯಗಳನ್ನು ತಿಂದು ಬೂತಾಯಿಗೆ ಎಣ್ಣೆ ಕಟ್ಟುವುದು. ಕೇರಳದ ದಡದಲ್ಲಿ ೨೦೧೨ರಲ್ಲಿ ಸುಮಾರು ನಾಲ್ಕು ಲಕ್ಷ ಟನ್ನು ಸಿಕ್ಕಿದ್ದ ಈ ಮೀನು ೨೦೨೧ರಲ್ಲಿ ಸಿಕ್ಕಿದುದು ಸುಮಾರು ೩,೩೦೦ ಟನ್ನು. ಮರುವರ್ಷವೇ ಮತ್ತೆ ಲಕ್ಷವನ್ನು ಮುಟ್ಟಿತು. ಇದನ್ನೆಲ್ಲ ಬೇಗೆಯ ಖಾತೆಗೇ ಬರೆಯುವುದು ನ್ಯಾಯವಲ್ಲ. ಮಿತಿಮೀರಿ ಹಿಡಿದುದು, ಮರಿಗಳನ್ನೂ ಬಿಡದೆ ಬಾಚಿದುದು, ೨೦೧೫ರ ಎಲ್ ನೀನೊ, ಹೀಗೆ ಆರೋಪಿಗಳು ಹಲವರು. ಈ ಮೀನು ಹಿಂದಿನಿಂದಲೂ ಬರುವಾಗ ರಾಶಿಯಾಗಿ ಬಂದು, ಹೋಗುವಾಗ ಹೇಳದೆ ಹೋಗುವ ಸ್ವಭಾವದ್ದು.

ಆದರೆ ಆರೋಪಿಗಳಲ್ಲಿ ಯಾರ ಪಾಲು ಎಷ್ಟೆಂದು ನಿರ್ಣಯಿಸಬೇಕಾದರೆ ಬೇಕಾದ ಸಾಕ್ಷ್ಯವು ಯಾವುದು? ೧೯೪೭ರಲ್ಲಿ ಸ್ಥಾಪಿತವಾದ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ದಡಕ್ಕೆ ಬಂದ ಮೀನಿನ ಲೆಕ್ಕವನ್ನು ದಶಕಗಳಿಂದ ಶ್ರದ್ಧೆಯಿಂದ ಇಟ್ಟಿದ್ದಾರೆ. ಜಗತ್ತಿನಲ್ಲಿ ಅಂತಹ ದಾಖಲೆಯುಳ್ಳ ದೇಶಗಳು ಹೆಚ್ಚಿಲ್ಲ. ಹೈದರಾಬಾದಿನ ರಾಷ್ಟ್ರೀಯ ಸಾಗರ ಮಾಹಿತಿ ಕೇಂದ್ರದವರು ಉಪಗ್ರಹಗಳ ಮೂಲಕ ನೀರಿನ ಉಷ್ಣತೆಯನ್ನು ನೋಡಿ ಯಾವ ಭಾಗದಲ್ಲಿ ಬೇಗೆಯಿದೆಯೆಂಬ ಸೂಚನೆಯನ್ನು ಪ್ರಕಟಿಸುತ್ತಿದ್ದಾರೆ. ಮೀನು ಸಿಕ್ಕಬಹುದಾದ ಸ್ಥಳಗಳ ಸೂಚನೆಯನ್ನು ಕನ್ನಡದಲ್ಲಿಯೂ ಕೊಡುತ್ತಾರೆ. ಈ ಎರಡು ಪುಸ್ತಕಗಳೂ ಒಂದೇ ಮೇಜಿನ ಮೇಲೆ ತೆರೆದಿರಬೇಕು. ಮೀನು ಎಷ್ಟು ಟನ್ನು ಬಂತೆಂಬುದರೊಡನೆ ಆ ಮೀನಿನ ಮೈಯಲ್ಲಿ ಎಣ್ಣೆ ಎಷ್ಟಿತ್ತು, ಇಂತಿಷ್ಟು ಉದ್ದದ ಮೀನಿನ ತೂಕವೆಷ್ಟು ಎಂಬುದು ಬಂದರುಬಂದರಿನಲ್ಲಿಯೂ ತಿಂಗಳು ತಪ್ಪದೆ ಬರೆಯಲ್ಪಟ್ಟು, ಆ ತಿಂಗಳ ನೀರಿನ ಉಷ್ಣತೆಯ ಪಕ್ಕದಲ್ಲಿ ಪ್ರಕಟವಾಗಬೇಕು. ಬೇರಿಂಗ್ ಸಮುದ್ರದ ಏಡಿಯು ಮೂರು ವರ್ಷ ಮುಂಚಿತವಾಗಿ ತಕ್ಕಡಿಯ ಮೂಲಕ ಹೇಳಿದ ಮಾತು ನಮ್ಮಲ್ಲಿಯೂ ಯಾರಿಗಾದರೂ ಕೇಳಿಸಬೇಡವೇ? ಇದಕ್ಕೆ ಬೇಕಾದುದು ಕೋಟಿಗಟ್ಟಲೆ ಹಣವಲ್ಲ. ಒಂದು ಅಳತೆಗೋಲು, ಒಂದು ತಕ್ಕಡಿ, ಬರೆಯಬಲ್ಲ ಒಬ್ಬ ಗುಮಾಸ್ತ. ಮಲ್ಪೆಯ ಮೊಗವೀರ ಹೆಂಗಸು ಮೀನನ್ನು ಕೈಯಲ್ಲಿ ಹಿಡಿದೊಡನೆ ಈ ವರ್ಷದ ಬೂತಾಯಿಗೆ ನೆಣವಿಲ್ಲವೆಂದು ಹೇಳಬಲ್ಲಳು. ಅವಳ ಮಾತು ದಫ್ತರಕ್ಕೆ ಸೇರುವ ದಾರಿಯು ಮಾತ್ರ ಇನ್ನೂ ಆಗಿಲ್ಲ.

ಮಂಗಳೂರಿನ ಹಳಬರಿಗೆ ಅಮೀನ್‌ದೀವಿಯ ಹೆಸರು ನೆನಪಿರಬಹುದು. ಅಮಿನಿ, ಕದ್ಮತ್, ಕಿಲ್ತಾನ್ ಮೊದಲಾದ ಆ ದ್ವೀಪಗಳು ೧೯೫೬ರವರೆಗೂ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಅಲ್ಲಿಯ ನಾರು ಮಂಗಳೂರಿಗೆ ಬರುತ್ತಿತ್ತು, ಇಲ್ಲಿಯ ಅಕ್ಕಿ ಅಲ್ಲಿಗೆ ಹೋಗುತ್ತಿತ್ತು. ಈಗ ಅವು ಲಕ್ಷದ್ವೀಪದ ಭಾಗ. ಆ ದ್ವೀಪಗಳು ನಿಂತಿರುವುದು ಹವಳದ ಮೇಲೆ. ಹವಳವೆಂಬುದು ಪ್ರಾಣಿ, ಅದರ ಮೈಯೊಳಗೆ ಸೂಕ್ಷ್ಮ ಪಾಚಿಯೊಂದು ಒಕ್ಕಲಾಗಿದ್ದು, ಸೂರ್ಯನ ಬೆಳಕಿನಿಂದ ಅಡಿಗೆ ಮಾಡಿ ಮನೆಯೊಡೆಯನಿಗೂ ಬಡಿಸುವುದು. ಬಣ್ಣವೂ ಬಹುಮಟ್ಟಿಗೆ ಆ ಒಕ್ಕಲಿನದೇ. ನೀರು ಬೇಸಗೆಯ ಮಿತಿಗಿಂತ ಒಂದು ಡಿಗ್ರಿ ಹೆಚ್ಚಾಗಿ ಕೆಲವು ವಾರ ನಿಂತರೆ ಪಾಚಿಯ ಕೆಲಸವು ಕೆಟ್ಟು ವಿಷಕಾರಿಯಾಗುವುದರಿಂದ ಹವಳವು ಅದನ್ನು ಹೊರದೂಡುವುದು. ಆಗ ಅದು ಬೆಳ್ಳಗಾಗುತ್ತದೆ. ಬೆಳ್ಳಗಾದ ಹವಳವು ಸತ್ತ ಹವಳವಲ್ಲ, ಅಡಿಗೆಯವನಿಲ್ಲದ ಮನೆ. ನೀರು ಬೇಗನೆ ತಣಿದರೆ ಒಕ್ಕಲು ಮರಳುವುದು, ತಡವಾದರೆ ಹವಳವು ಹಸಿದು ಸಾಯುವುದು. ಇಲ್ಲಿಯೂ ಹಸಿವೇ.

ಲಕ್ಷದ್ವೀಪದಲ್ಲಿ ಹೀಗಾದುದು ೧೯೯೮ರಲ್ಲಿ, ೨೦೧೦ರಲ್ಲಿ, ೨೦೧೬ರಲ್ಲಿ. ಮೈಸೂರಿನಲ್ಲಿ ನೆಲೆಸಿರುವ ನೇಚರ್ ಕನ್ಸರ್ವೇಷನ್ ಫೌಂಡೇಷನ್ ಸಂಸ್ಥೆಯ ಸಂಶೋಧಕರು ಅಗತ್ತಿ, ಕದ್ಮತ್, ಕವರತ್ತಿ ದ್ವೀಪಗಳ ಹವಳದ ದಿಣ್ಣೆಗಳನ್ನು ಇಪ್ಪತ್ತನಾಲ್ಕು ವರ್ಷಗಳ ಕಾಲ ಮುಳುಗಿ ಅಳೆದು ನೋಡಿದರು. ೧೯೯೮ರಲ್ಲಿ ತಳದ ನೂರಕ್ಕೆ ೩೭ ಪಾಲನ್ನು ಹೊದ್ದಿದ್ದ ಜೀವಂತ ಹವಳವು ೨೦೨೨ರ ಹೊತ್ತಿಗೆ ನೂರಕ್ಕೆ ೨೦ಕ್ಕಿಂತ ಕೆಳಗೆ ಇಳಿದಿತ್ತು. ಪ್ರತಿ ಬೇಗೆಯಲ್ಲಿಯೂ ಹವಳವು ಹಿಂದಿನ ಸಲದಷ್ಟು ಸಾಯುತ್ತಿಲ್ಲವೆಂಬುದು ಸ್ವಲ್ಪ ಸಮಾಧಾನದ ಸಂಗತಿಯಾದರೂ, ಚೇತರಿಸಿಕೊಳ್ಳಲು ಅದಕ್ಕೆ ಬೇಗೆಯಿಲ್ಲದ ಆರು ವರ್ಷಗಳಾದರೂ ಬೇಕೆಂದು ಅವರು ಕಂಡುಕೊಂಡರು. ಅವರ ಅಳತೆ ಮುಗಿದ ಮೇಲೆ, ೨೦೨೩ರ ಅಕ್ಟೋಬರಿನ ಕೊನೆಯಿಂದ ನೀರು ಮತ್ತೆ ಕಾದು, ೨೦೨೪ರ ಬೇಸಗೆಯಲ್ಲಿ ದ್ವೀಪಗಳ ಸುತ್ತಣ ಹವಳವು ಮತ್ತೊಮ್ಮೆ ಬೆಳ್ಳಗಾಯಿತು.

ದ್ವೀಪದ ಬೆಸ್ತರು ಗಾಳಕೋಲಿನಿಂದ ಕೇದರ ಮೀನನ್ನು ಹಿಡಿಯುವರು. ಅದಕ್ಕೆ ಮುಂಚೆ ಬೆಳಗಿನ ಜಾವದಲ್ಲಿ ಲಗೂನಿನೊಳಗಿನ ಹವಳದ ನಡುವೆ ಬಲೆ ಬೀಸಿ, ಎರೆಗೆಂದು ಬೆರಳುದ್ದದ ಜೀವಂತ ಮೀನುಗಳನ್ನು ದೋಣಿಯ ತೊಟ್ಟಿಯಲ್ಲಿ ತುಂಬಿಕೊಳ್ಳುವುದು ಅವರ ಪದ್ಧತಿ. ಎರ್ರೆ ಸಿಕ್ಕದ ದಿನ ದೋಣಿಯು ಹೊರಸಮುದ್ರಕ್ಕೆ ಹೋಗುವುದಿಲ್ಲ.